ಬೈಕಿಗೆ ಕಾರು ಗುದ್ದಿದ ಮೇಲೆ

ರಾತ್ರಿ ಹತ್ತೂವರೆ, ತಾಲ್ಲೂಕು ಆಸ್ಪತ್ರೆಯ ಕ್ಯಾಷುಯಾಲ್ಟಿ. ಕಾಲು ಮುರಿದುಕೊಂಡವನನ್ನು ಆಟೊದಲ್ಲಿ ಮಲಗಿಸಿಕೊಂಡು ಬಂದ ಪಕ್ಕದ ಮನೆಯವರನ್ನು ಡ್ಯೂಟಿ ಡಾಕ್ಟರ್ ಕೇಳುತ್ತಾರೆ: ‘ಏನಾಯ್ತು?’ ‘ಬೈಕಿಂದ ಬಿದ್ಬಿಟ್ಟ ಸಾರ್.’ ಡಾಕ್ಟರ್ ಅದನ್ನೇ ಬರೆದುಕೊಳ್ಳುತ್ತಾರೆ. ಹಿಂದಿನಿಂದ ಕಾರು ಗುದ್ದಿದ್ದಕ್ಕೆ ಬಿದ್ದ ಎನ್ನುವ ಅರ್ಧ ಮಾತು ಆ ಗಡಿಬಿಡಿಯಲ್ಲಿ ನುಂಗಿಹೋಗುತ್ತದೆ. ವರ್ಷ ಒಂದೂವರೆ ಕಳೆದ ಮೇಲೆ ಕೋರ್ಟಿನಲ್ಲಿ ವಿಮಾ ಕಂಪನಿಯ ವಕೀಲರು ಆ ಹಾಳೆಯನ್ನೇ ಎತ್ತಿಕೊಂಡು ಪಾಟಿ ಸವಾಲು ಶುರುಮಾಡುತ್ತಾರೆ: ‘ನೀವು ಸ್ಕಿಡ್ ಆಗಿ ಬಿದ್ದಿರಿ, ಕಾರನ್ನು ಆಮೇಲೆ ಸೇರಿಸಿದಿರಿ ಎಂದರೆ ಸರಿಯೇ?’

ಅಪಘಾತ ಪರಿಹಾರದ ಕೇಸುಗಳನ್ನು ನಡೆಸುವ ಯಾವ ವಕೀಲರನ್ನು ಕೇಳಿದರೂ ಇಂಥ ಒಂದು ಕಡತ ಅವರ ಕಪಾಟಿನಲ್ಲಿ ಇದ್ದೇ ಇರುತ್ತದೆ. ಜನ ಪರಿಹಾರವೆಂದರೆ ಕೋರ್ಟು, ವಾದ, ತೀರ್ಪು ಎಂದುಕೊಳ್ಳುತ್ತಾರೆ. ಅದರ ಬಹುಪಾಲು ನಿರ್ಧಾರವಾಗುವುದು ಮೊದಲ ವಾರದಲ್ಲಿ, ಆಸ್ಪತ್ರೆ ಮತ್ತು ಠಾಣೆಯಲ್ಲಿ ಯಾರೋ ಬರೆದುಕೊಂಡ ನಾಲ್ಕಾರು ಸಾಲುಗಳಲ್ಲಿ.

2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 74,897 ಜನ ದ್ವಿಚಕ್ರ ವಾಹನದಲ್ಲಿದ್ದವರು. ಕೈಕಾಲು ಕಳೆದುಕೊಂಡು ಮನೆಯಲ್ಲಿ ಕೂತವರು ಈ ಲೆಕ್ಕದಲ್ಲಿಲ್ಲ. ಇವರಿಗೂ ಇವರ ಮನೆಯವರಿಗೂ 1988ರ ಮೋಟಾರು ವಾಹನ ಕಾಯ್ದೆ ಸಾಕಷ್ಟು ಹಕ್ಕು ಕೊಟ್ಟಿದೆ. 2019ರ ತಿದ್ದುಪಡಿ ಅದರ ಪರಿಹಾರದ ಅಧ್ಯಾಯವನ್ನೇ ಹೊಸದಾಗಿ ಬರೆಯಿತು, ಅದು 2022ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಹಳೆಯ ಕಾಲದ ‘ಮೂರು ವರ್ಷದೊಳಗೆ ಹಾಕಿದರಾಯಿತು ಬಿಡು’ ಎನ್ನುವಂಥ ಕಟ್ಟೆ ಸಲಹೆಗಳು ಈಗ ಅಪಾಯಕಾರಿ ಎನ್ನುವುದು ಅದಕ್ಕೇ.

ಹಣ ಕೊಡಬೇಕಾದವರು ಯಾರು?

ಮೊದಲು ಇದೊಂದು ಅರ್ಥವಾದರೆ ಉಳಿದದ್ದು ಸಲೀಸು. ಪ್ರತಿ ವಾಹನಕ್ಕೂ ಕಡ್ಡಾಯವಾದ ‘ಥರ್ಡ್ ಪಾರ್ಟಿ’ ವಿಮೆ ಆ ವಾಹನದ ಮಾಲೀಕನನ್ನು ಕಾಯುವುದಕ್ಕೆ ಇರುವುದಲ್ಲ. ಆ ವಾಹನದಿಂದ ಬೇರೆಯವರಿಗೆ ಆದ ನಷ್ಟವನ್ನು ತುಂಬಿಕೊಡುವುದು ಅದರ ಕೆಲಸ. ಹಾಗಾಗಿ ಕಾರು ನಿಮ್ಮ ಬೈಕಿಗೆ ಗುದ್ದಿದರೆ ನೀವು ಕೇಳಬೇಕಾದದ್ದು ಕಾರಿನ ವಿಮಾ ಕಂಪನಿಯನ್ನು. ನಿಮ್ಮ ಬೈಕಿನ ವಿಮಾ ಕಂಪನಿಗೆ ಅಲ್ಲಿ ಪಾತ್ರವೇ ಇರಲಿಕ್ಕಿಲ್ಲ. ತಪ್ಪು ನಿಮ್ಮದೇ ಆಗಿದ್ದರೆ ಲೆಕ್ಕ ತಿರುಗಾಮುರುಗಾ: ನಿಮ್ಮ ಥರ್ಡ್ ಪಾರ್ಟಿ ವಿಮೆ ಎದುರಿನವರಿಗೆ ಕೊಡುತ್ತದೆ, ನಿಮಗೆ ಕೊಡುವುದಿಲ್ಲ.

ಇದು ಗೊತ್ತಿಲ್ಲದೆ ಎಷ್ಟೋ ಕುಟುಂಬಗಳು ಸುಪ್ರೀಂ ಕೋರ್ಟಿನವರೆಗೆ ಹೋಗಿ ಬರಿಗೈಲಿ ಬಂದಿವೆ. 2000ದಲ್ಲಿ ಇಳಕಲ್‌ನಿಂದ ಗುಡೂರಿಗೆ ಹೊರಟ ಒಬ್ಬರು ಪರಿಚಯದವರ ಹೀರೊ ಹೋಂಡಾ ಕೇಳಿಕೊಂಡು ತಂದಿದ್ದರು. ಮುಂದೆ ಕಬ್ಬಿಣದ ಶೀಟು ಹೇರಿಕೊಂಡು ಹೋಗುತ್ತಿದ್ದ ಎತ್ತಿನ ಗಾಡಿ ಇದ್ದಕ್ಕಿದ್ದಂತೆ ನಿಂತಿತು, ಅದಕ್ಕೆ ಬಡಿದು ಸತ್ತರು. ಯಾರ ತಪ್ಪೆಂದು ಸಾಬೀತು ಮಾಡದೆಯೇ ಪರಿಹಾರ ಸಿಗುತ್ತಿದ್ದ ಅಂದಿನ ಕಲಮಿನಡಿ ಅವರ ಮನೆಯವರು ಆ ಬೈಕಿನ ವಿಮಾ ಕಂಪನಿಯನ್ನು ಕೇಳಿದರು. 2009ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಉತ್ತರ: ಬೈಕು ಎರವಲು ತಂದವನು ಮಾಲೀಕನ ಜಾಗದಲ್ಲೇ ನಿಂತಂತೆ, ಅವನು ‘ಮೂರನೆಯವನು’ ಆಗುವುದಿಲ್ಲ. ಆ ಕಲಮಿನಡಿ ಅವರಿಗೆ ಹಣವಿಲ್ಲ. 2025ರ ಜುಲೈನಲ್ಲಿ ಮತ್ತೊಂದು ಪ್ರಕರಣ, ಈ ಸಲ ಬೈಕಲ್ಲ, ಕಾರು. ಮಲ್ಲಸಂದ್ರದಿಂದ ಅರಸೀಕೆರೆಯ ಕಡೆಗೆ ಹೋಗುವಾಗ ಚಾಲಕನ ಅತಿವೇಗದಿಂದಲೇ ಕಾರು ಪಲ್ಟಿಯಾಗಿ ಅವರೇ ಸತ್ತಿದ್ದರು. ಸ್ವಂತ ತಪ್ಪಿನಿಂದ ಸತ್ತವರ ವಾರಸುದಾರರಿಗೆ ವಿಮಾ ಕಂಪನಿ ಕೊಡಬೇಕಿಲ್ಲ ಎಂದು ಹೈಕೋರ್ಟ್ ಹೇಳಿತ್ತು, ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು.

ಹಾಗಾದರೆ ಒಬ್ಬನೇ ಸ್ಕಿಡ್ ಆಗಿ, ಇಲ್ಲವೇ ರಸ್ತೆಗುಂಡಿಗೆ ಇಳಿದು ಬಿದ್ದವನ ಗತಿ? ಅಲ್ಲಿ ಕೈಹಿಡಿಯುವುದು ಪಾಲಿಸಿಯಲ್ಲಿ ಸಣ್ಣ ಅಕ್ಷರದಲ್ಲಿರುವ ‘ಮಾಲೀಕ-ಚಾಲಕನ ವೈಯಕ್ತಿಕ ಅಪಘಾತ ರಕ್ಷೆ’, ಷೋರೂಮಿನವರ ಮಾತಿನಲ್ಲಿ ಪಿಎ ಕವರ್. ಇದರ ಮೊತ್ತ 15 ಲಕ್ಷ ರೂಪಾಯಿ. ಷರತ್ತು ಎರಡು: ಬೈಕು ಓಡಿಸುತ್ತಿದ್ದವನೇ ನೋಂದಾಯಿತ ಮಾಲೀಕನಾಗಿರಬೇಕು, ಅವನ ಹತ್ತಿರ ಚಾಲ್ತಿಯಲ್ಲಿರುವ ಡಿಎಲ್ ಇರಬೇಕು. ಅಪ್ಪನ ಹೆಸರಿನ ಬೈಕನ್ನು ಮಗ ಓಡಿಸುವುದು ನಮ್ಮಲ್ಲಿ ಮನೆಮನೆಯ ಸಂಗತಿ. ಆ ಮಗನಿಗೆ ಈ ರಕ್ಷೆ ಅನ್ವಯಿಸುವುದಿಲ್ಲ. ಅವನಿಗೆ ಪ್ರತ್ಯೇಕ ಅಪಘಾತ ವಿಮೆ ಮಾಡಿಸಿಟ್ಟಿರುವುದೇ ಒಳ್ಳೆಯದು.

ಹಿಂದೆ ಕೂತವರ ವಿಚಾರವೂ ಇಲ್ಲೇ ತೀರಿಸಿಬಿಡಬಹುದು. ಎದುರಿನ ವಾಹನದ ತಪ್ಪಾದರೆ ಹಿಂಬದಿ ಸವಾರರು ಆ ವಾಹನದ ವಿಮಾ ಕಂಪನಿಯಿಂದ ಪೂರ್ತಿ ಪರಿಹಾರ ಕೇಳಬಹುದು. ಎರಡೂ ವಾಹನಗಳ ಚಾಲಕರದು ತಪ್ಪಿದ್ದರೆ ಇಬ್ಬರಲ್ಲಿ ಯಾರಿಂದ ಬೇಕಾದರೂ ಇಡೀ ಮೊತ್ತ ವಸೂಲು ಮಾಡಬಹುದು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಸ್ಪಷ್ಟಪಡಿಸಿದೆ. ತಪ್ಪು ತಾವು ಕೂತಿದ್ದ ಬೈಕಿನವನದ್ದೇ ಆದರೆ ಮಾತ್ರ ತೊಡಕು. ಬರೀ ಥರ್ಡ್ ಪಾರ್ಟಿ ಪಾಲಿಸಿ ಹಿಂಬದಿ ಸವಾರರನ್ನು ಒಳಗೊಳ್ಳುವುದಿಲ್ಲ, ಅದಕ್ಕೆ ಸಮಗ್ರ ಪಾಲಿಸಿ, ಅಂದರೆ ಪ್ಯಾಕೇಜ್ ಪಾಲಿಸಿ ಬೇಕು. 2018ರ ಸೆಪ್ಟೆಂಬರ್‌ನಿಂದ ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಮಾಡಿಸುವುದು ಕಡ್ಡಾಯವಾಗಿದೆ. ‘ಐದು ವರ್ಷ ಇನ್ಶೂರೆನ್ಸ್ ಇದೆ’ ಎಂದು ನೆಮ್ಮದಿಯಾಗಿರುವ ಬಹಳ ಮಂದಿಗೆ ಉಳಿದ ರಕ್ಷೆಗಳು ಮೊದಲ ವರ್ಷಕ್ಕೇ ಮುಗಿದಿರಬಹುದೆಂಬುದು ತಿಳಿದೇ ಇರುವುದಿಲ್ಲ. ಈ ಲೇಖನ ಓದಿ ಮುಗಿಸುವ ಮುಂಚೆ ಪಾಲಿಸಿ ತೆಗೆದು ದಿನಾಂಕ ನೋಡಿಬಿಡಿ.

ಆಸ್ಪತ್ರೆಯ ಬಾಗಿಲಲ್ಲಿ

2016ರ ಫೆಬ್ರುವರಿಯಲ್ಲಿ ನೆಲಮಂಗಲದ ಬಳಿ ಲಾರಿ ಹರಿದು ದೇಹ ಎರಡು ತುಂಡಾದ ಯುವ ಬೈಕ್ ಸವಾರರೊಬ್ಬರು ಪ್ರಾಣ ಹೋಗುವ ಮುನ್ನ ತಮ್ಮ ಅಂಗಾಂಗ ದಾನ ಮಾಡುವಂತೆ ಕೇಳಿಕೊಂಡರು. ಅವರ ಹೆಸರಿನಲ್ಲೇ ರಾಜ್ಯ ಸರ್ಕಾರ ಮುಂದಿನ ತಿಂಗಳು ‘ಮುಖ್ಯಮಂತ್ರಿಗಳ ಸಾಂತ್ವನ ಹರೀಶ್ ಯೋಜನೆ’ ತಂದಿತು: ಅಪಘಾತದ ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿವರೆಗಿನ ನೆರವು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಇಡೀ ದೇಶಕ್ಕೆ ನಗದುರಹಿತ ಚಿಕಿತ್ಸೆಯ ಯೋಜನೆಯನ್ನು ಅಧಿಸೂಚಿಸಿತು. ಅದರಂತೆ ಅಪಘಾತದ ದಿನದಿಂದ 7 ದಿನಗಳವರೆಗೆ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ತಲಾ ಒಂದೂವರೆ ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗಬೇಕು. ಪಟ್ಟಿಯಲ್ಲಿಲ್ಲದ ಆಸ್ಪತ್ರೆಯಾದರೆ ಜೀವಕ್ಕೆ ಸ್ಥಿರತೆ ತರುವಷ್ಟು ಮಾತ್ರ. ಆದ್ದರಿಂದ 108 ಅಥವಾ 112ಕ್ಕೆ ಕರೆ ಮಾಡುವಾಗಲೇ ‘ಯೋಜನೆಯ ಪಟ್ಟಿಯಲ್ಲಿರುವ ಆಸ್ಪತ್ರೆ ಯಾವುದು’ ಎಂದು ಕೇಳುವುದು ಬುದ್ಧಿವಂತಿಕೆ.

‘ಮೊದಲು ಪೊಲೀಸರು ಬರಲಿ, ಆಮೇಲೆ ಮುಟ್ಟುತ್ತೇವೆ’ ಎಂದು ಯಾವ ಆಸ್ಪತ್ರೆಯೂ ಹೇಳುವಂತಿಲ್ಲ. 1989ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ, ಮೋಟಾರು ವಾಹನ ಕಾಯ್ದೆಯ 134ನೇ ಕಲಮಿನಲ್ಲೂ ಇದೆ. ಗಾಯಾಳುವನ್ನು ತಂದು ಸೇರಿಸಿದವರನ್ನು ಸಾಕ್ಷಿ ಹೇಳಿ, ಹಣ ಕಟ್ಟಿ ಎಂದು ಹಿಡಿದಿಟ್ಟುಕೊಳ್ಳುವಂತೆಯೂ ಇಲ್ಲ. ಪರೋಪಕಾರಿಗಳ ರಕ್ಷಣೆಗೆ 134ಎ ಕಲಮು ಇದೆ, ಕರ್ನಾಟಕದಲ್ಲಿ 2016ರ ಪ್ರತ್ಯೇಕ ಕಾಯ್ದೆಯೂ ಇದೆ.

ಮೊದಲ ವಾರ: ಮಾಡಲೇಬೇಕಾದ ಕೆಲಸಗಳು

1. ಡಾಕ್ಟರಿಗೆ ಪೂರ್ತಿ ಮಾತು ಹೇಳಿ. ‘ಬಿದ್ದ’ ಎಂದಲ್ಲ, ‘ಇಂಥ ರಸ್ತೆಯಲ್ಲಿ, ಇಷ್ಟು ಹೊತ್ತಿಗೆ, ಕಾರು ಹಿಂದಿನಿಂದ ಗುದ್ದಿದ್ದರಿಂದ ಬಿದ್ದ’. ವಾಹನದ ನಂಬರು ಗೊತ್ತಿದ್ದರೆ ಅದನ್ನೂ ಹೇಳಿ. ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ವೈದ್ಯಕೀಯ-ಕಾನೂನು ಪ್ರಕರಣ) ದಾಖಲಾಯಿತೇ, ಅದರ ನಂಬರು ಏನು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಖಾಸಗಿ ಆಸ್ಪತ್ರೆಯಲ್ಲಿ ಇದನ್ನು ಮರೆಯುವುದು ಹೆಚ್ಚು. ಇನ್ನೊಂದು ಆಸ್ಪತ್ರೆಗೆ ಕಳಿಸಿದರೆ ಅಲ್ಲಿಯೂ ಅದೇ ಮಾತು ದಾಖಲಾಗಬೇಕು. ಒಂದು ಕಡೆ ‘ಕಾರು’, ಮತ್ತೊಂದು ಕಡೆ ‘ಲಾರಿ’ ಎಂದಾದರೆ ವಿಮಾ ಕಂಪನಿಗೆ ಹಬ್ಬ.

2. ಫೋಟೊ. ಬೈಕು ಬಿದ್ದ ಜಾಗ, ಎದುರಿನ ವಾಹನದ ನಂಬರ್ ಪ್ಲೇಟು, ಅದಕ್ಕೆ ತಗುಲಿದ ಗುರುತು, ಬ್ರೇಕ್ ಎಳೆದ ಗೆರೆ. ಹತ್ತಿರದ ಅಂಗಡಿ, ಪೆಟ್ರೋಲ್ ಬಂಕಿನಲ್ಲಿ ಸಿಸಿಟಿವಿ ಇದೆಯೇ ನೋಡಿ. ಅದರ ದೃಶ್ಯ ಕೆಲವೇ ದಿನಗಳಲ್ಲಿ ಅಳಿಸಿಹೋಗುತ್ತದೆ. ನಂಬರು ಸಿಕ್ಕರೆ ‘ಎಂಪರಿವಾಹನ್’ ಆ್ಯಪ್‌ನಲ್ಲಿ ಹಾಕಿ ನೋಡಬಹುದು, ವಿಮೆ ಚಾಲ್ತಿಯಲ್ಲಿದೆಯೇ ಎಂಬುದು ತಿಳಿಯುತ್ತದೆ.

3. ದೂರು. ಗಾಯಾಳುವೇ ಠಾಣೆಗೆ ಹೋಗಬೇಕಿಲ್ಲ. ಮನೆಯವರು, ನೋಡಿದವರು, ಯಾರು ಬೇಕಾದರೂ ಕೊಡಬಹುದು. ಆಸ್ಪತ್ರೆಯಲ್ಲೇ ಪೊಲೀಸರು ಹೇಳಿಕೆ ಪಡೆಯಬಹುದು. ಬೇರೆ ಠಾಣೆಯ ಸರಹದ್ದು ಎಂದು ವಾಪಸು ಕಳಿಸುವಂತಿಲ್ಲ, ದೂರು ಬರೆದುಕೊಂಡು ಅವರೇ ಅಲ್ಲಿಗೆ ಕಳಿಸಬೇಕು. ಎಫ್‌ಐಆರ್ ಪ್ರತಿ ಉಚಿತ. 2024ರ ಜುಲೈನಿಂದ ಹಳೆಯ ಐಪಿಸಿಯ 279, 337, 338, 304ಎ ಹೋಗಿ ಭಾರತೀಯ ನ್ಯಾಯ ಸಂಹಿತೆಯ 281, 125, 106 ಬಂದಿವೆ. ಎಫ್‌ಐಆರ್‌ನಲ್ಲಿ ಈ ಅಂಕಿಗಳನ್ನು ನೋಡಿ ಗಾಬರಿಯಾಗಬೇಡಿ. ಚಿಕಿತ್ಸೆಯ ಓಡಾಟದಲ್ಲಿ ದೂರು ನಾಲ್ಕು ದಿನ ತಡವಾಯಿತೇ? ತಡವಾಗಿದ್ದಕ್ಕೆ ಕಾರಣವನ್ನು ದೂರಿನಲ್ಲೇ ಬರೆಯಿರಿ. ದೂರು ತಡವಾಯಿತೆಂಬ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದೆ.

4. ಬೈಕು ರಿಪೇರಿಗೆ ಅವಸರ ಬೇಡ. ಮೋಟಾರು ವಾಹನ ನಿರೀಕ್ಷಕರ ತಪಾಸಣೆ ಮುಗಿಯಲಿ. ಡಿಕ್ಕಿ ಮುಂದಿನಿಂದಲೋ ಹಿಂದಿನಿಂದಲೋ ಎಂಬುದನ್ನು ಅವರ ವರದಿ, ಸ್ಥಳ ಮಹಜರು ಮತ್ತು ನಕ್ಷೆ ಸೇರಿ ಹೇಳುತ್ತವೆ. ಮಹಜರಿಗೆ ಸಹಿ ಹಾಕುವ ಮುನ್ನ ಓದಿ. ರಸ್ತೆಯ ಎಡಬಲ ಅದಲುಬದಲಾಗಿದ್ದರೆ ಆಗಲೇ ಹೇಳಿ.

5. ಒಂದು ಚೀಲ ಮಾಡಿ. ಮೆಡಿಕಲ್ ಶಾಪಿನ ಬಿಲ್ಲು, ಡಾಕ್ಟರ ಚೀಟಿ, ಎಕ್ಸ್‌ರೇ, ಸ್ಕ್ಯಾನಿಂಗ್, ಡಿಸ್ಚಾರ್ಜ್ ಸಮ್ಮರಿ, ಆಟೊ-ಆಂಬುಲೆನ್ಸ್ ರಸೀದಿ, ಫಿಸಿಯೊಥೆರಪಿಯ ಕಾರ್ಡು ಎಲ್ಲವೂ ಅದರಲ್ಲಿ. ಚೀಟಿಯಿಲ್ಲದ ಬಿಲ್ಲು, ಬಿಲ್ಲಿಲ್ಲದ ಚೀಟಿ ಎರಡೂ ಅರ್ಧ ಬೆಲೆಯವು.

ಪೊಲೀಸರದ್ದೂ ಒಂದು ಕರ್ತವ್ಯವಿದೆ, ಇದು ಬಹುತೇಕರಿಗೆ ಗೊತ್ತಿಲ್ಲ. 2022ರ ನಿಯಮಗಳ ಪ್ರಕಾರ ತನಿಖಾಧಿಕಾರಿ 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೂ ವಿಮಾ ಕಂಪನಿಗೂ ತಿಳಿಸಬೇಕು, 50 ದಿನಗಳಲ್ಲಿ ಮಧ್ಯಂತರ ವರದಿ ಕೊಡಬೇಕು, 90 ದಿನಗಳಲ್ಲಿ ವಿವರವಾದ ವರದಿ ಸಲ್ಲಿಸಬೇಕು. ಆ ವರದಿಯನ್ನೇ ನ್ಯಾಯಮಂಡಳಿ ಪರಿಹಾರದ ಅರ್ಜಿಯೆಂದು ಪರಿಗಣಿಸಬಹುದು. ಕಾಗದದ ಮೇಲೆ ಬಹಳ ಚೆಂದ. ಆದರೆ ಪೊಲೀಸರ ವರದಿಯನ್ನೇ ನಂಬಿ ಕೈಕಟ್ಟಿ ಕೂರುವ ಹಾಗಿಲ್ಲ, ಸ್ವಂತ ಅರ್ಜಿ ಹಾಕಲೇಬೇಕು.

ಆರು ತಿಂಗಳ ಗಡುವು

ಪರಿಹಾರ ಕೋರಿ ನ್ಯಾಯಮಂಡಳಿಗೆ ಹಾಕುವ, ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನ ಅರ್ಜಿಯನ್ನು ಅಪಘಾತದ ದಿನದಿಂದ ಆರು ತಿಂಗಳೊಳಗೆ ಸಲ್ಲಿಸಬೇಕು. ಈ ಗಡುವಿನ ಸಿಂಧುತ್ವವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ. ತಡವಾಯಿತೆಂಬ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬೇಡಿ ಎಂದು ಅದು 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶವನ್ನೂ ಕೊಟ್ಟಿದೆ. ಹೀಗಾಗಿ ಗಡುವು ಮೀರಿದವರು ಆಸೆ ಬಿಡಬೇಕಾಗಿಲ್ಲ. ಇನ್ನೂ ಮೀರದವರು ಮಧ್ಯಂತರ ಆದೇಶವೊಂದನ್ನು ನೆಚ್ಚಿಕೊಂಡು ಮಲಗುವಂತೆಯೂ ಇಲ್ಲ. ಪ್ಲಾಸ್ಟರ್ ಬಿಚ್ಚಲಿ, ರಾಡ್ ತೆಗೆಯಲಿ ಎಂದು ಕಾಯಬೇಡಿ. ಅರ್ಜಿ ಹಾಕಿಬಿಟ್ಟು ಚಿಕಿತ್ಸೆ ಮುಂದುವರಿಸಬಹುದು, ಮುಂದಿನ ಬಿಲ್ಲುಗಳನ್ನು ಸಾಕ್ಷ್ಯದ ಹೊತ್ತಿಗೆ ಹಾಜರುಪಡಿಸಬಹುದು.

ಎಲ್ಲಿ ಹಾಕಬೇಕು? ಅಪಘಾತ ನಡೆದ ಊರಲ್ಲೇ ಆಗಬೇಕೆಂದಿಲ್ಲ. ತುಮಕೂರಿನ ಹತ್ತಿರ ಪೆಟ್ಟಾಗಿದ್ದರೂ ನೀವು ಇರುವುದು ರಾಯಚೂರಿನಲ್ಲಾದರೆ ಅಲ್ಲಿಯೇ ಹಾಕಬಹುದು. ಜಿಲ್ಲಾ ನ್ಯಾಯಾಲಯಗಳು, ಹಿರಿಯ ಸಿವಿಲ್ ನ್ಯಾಯಾಲಯಗಳು ಈ ನ್ಯಾಯಮಂಡಳಿಯಾಗಿ ಕೆಲಸ ಮಾಡುತ್ತವೆ. ಬೆಂಗಳೂರಿನಲ್ಲಿ ಸ್ಮಾಲ್ ಕಾಸಸ್ ಕೋರ್ಟ್. ಕೋರ್ಟಿನ ಭಾಷೆಯಲ್ಲಿ ಇದು ‘ಎಂವಿಸಿ ಕೇಸು’.

ಇದು ಪೊಲೀಸ್ ಕೇಸಿಗಿಂತ ಬೇರೆ. ಅಲ್ಲಿ ಚಾಲಕನ ಅಪರಾಧ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಬೇಕು. ಇಲ್ಲಿ ‘ಹೀಗೇ ಆಗಿರುವ ಸಂಭವ ಹೆಚ್ಚು’ ಎಂದು ತೋರಿಸಿದರೆ ಸಾಕು. ಆದ್ದರಿಂದ ಕ್ರಿಮಿನಲ್ ಕೇಸಿನಲ್ಲಿ ಚಾಲಕ ಬಿಡುಗಡೆಯಾದನೆಂದು ಪರಿಹಾರದ ಕೇಸು ಬಿದ್ದುಹೋಗುವುದಿಲ್ಲ. ಸತ್ತ ಸವಾರನ ಮೇಲೆಯೇ ತಪ್ಪು ಹೊರಿಸಿ ಚಾರ್ಜ್‌ಶೀಟ್ ಹಾಕಿದ್ದರೂ ಅದೇ ಕೊನೆಯ ಮಾತಲ್ಲ, ಪ್ರತ್ಯಕ್ಷ ಸಾಕ್ಷಿಯಿಂದ ಅದನ್ನು ಎದುರಿಸಬಹುದು.

ಯಾರ ತಪ್ಪೆಂದು ಸಾಬೀತು ಮಾಡುವುದು ಸಾಧ್ಯವೇ ಇಲ್ಲದಿದ್ದರೆ 164ನೇ ಕಲಮಿದೆ: ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ. ಮೂಳೆ ಮುರಿತವೂ ಕಾನೂನಿನ ಲೆಕ್ಕದಲ್ಲಿ ತೀವ್ರ ಗಾಯವೇ. ಬೇಗ ಸಿಗುವ ಹಣವೆಂದು ಇದಕ್ಕೆ ಸಹಿ ಹಾಕುವ ಮುನ್ನ ಯೋಚಿಸಿ. ಈ ಕಲಮಿನಡಿ ಹಣ ಒಪ್ಪಿಕೊಂಡರೆ 166ರ ಅರ್ಜಿ ಅಲ್ಲಿಗೆ ಮುಗಿದಂತೆ. ದುಡಿಯುವ ಮಗ ಸತ್ತ ಮನೆಗೆ 5 ಲಕ್ಷ ಎಷ್ಟು ಕಡಿಮೆಯೆಂಬುದು ಮುಂದಿನ ಲೆಕ್ಕದಲ್ಲಿ ಗೊತ್ತಾಗುತ್ತದೆ.

ಗುದ್ದಿದ ವಾಹನ ಸಿಗದೇ ಹೋದರೆ ದಾರಿ ಬೇರೆ. 2022ರ ಯೋಜನೆಯಂತೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ. ಮೊದಲು ಇದು 25,000 ಮತ್ತು 12,500 ಇತ್ತು. ಕೋರ್ಟಿಗೆ ಹೋಗಬೇಕಿಲ್ಲ, ಎಫ್‌ಐಆರ್ ಮತ್ತು ಆಸ್ಪತ್ರೆ ದಾಖಲೆ ಹಿಡಿದುಕೊಂಡು ತಹಶೀಲ್ದಾರ್ ಅಥವಾ ಉಪವಿಭಾಗಾಧಿಕಾರಿ ಕಚೇರಿಗೆ ಅರ್ಜಿ ಕೊಡಬೇಕು, ಮಂಜೂರು ಮಾಡುವವರು ಜಿಲ್ಲಾಧಿಕಾರಿ. ವಾಹನ ಸಿಗಲಿಲ್ಲ ಎಂದು ಯಾವುದೋ ಪರಿಚಯದವರ ಗಾಡಿಯನ್ನು ತಂದು ‘ಇದೇ ಗುದ್ದಿದ್ದು’ ಎಂದು ಬರೆಸುವ ದಲ್ಲಾಳಿಗಳಿದ್ದಾರೆ. ಸಿಕ್ಕಿಬಿದ್ದರೆ ಪರಿಹಾರವೂ ಹೋಯಿತು, ಮೇಲೆ ವಂಚನೆಯ ಕೇಸು.

ಮೊತ್ತ ಹೇಗೆ ಬರುತ್ತದೆ?

ಜಡ್ಜ್ ಮನಸ್ಸಿಗೆ ಬಂದಷ್ಟು ಕೊಡುತ್ತಾರೆ ಎಂಬ ನಂಬಿಕೆ ಊರೂರಲ್ಲಿದೆ. ಸಾವಿನ ಪ್ರಕರಣಗಳಿಗೆ ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳು, 2009ರ ಸರಳಾ ವರ್ಮಾ ಮತ್ತು 2017ರ ಪ್ರಣಯ್ ಸೇಠಿ, ಸರಳವಾದ ಸೂತ್ರ ಕೊಟ್ಟಿವೆ. ಪೆನ್ನು ಕಾಗದ ಹಿಡಿದರೆ ಯಾರು ಬೇಕಾದರೂ ಲೆಕ್ಕ ಹಾಕಬಹುದು.

ಒಂದು ಕಾಲ್ಪನಿಕ ಉದಾಹರಣೆ. ಮೂವತ್ತರ ಗಾರೆ ಕೆಲಸದವನು, ತಿಂಗಳ ದುಡಿಮೆ 18,000. ಮನೆಯಲ್ಲಿ ಹೆಂಡತಿ, ಒಂದು ಮಗು, ತಾಯಿ. ಸ್ವಂತ ದುಡಿಮೆಯವನಾದ್ದರಿಂದ, ವಯಸ್ಸು ನಲವತ್ತರ ಒಳಗಿರುವುದರಿಂದ ಮುಂದೆ ಹೆಚ್ಚಬಹುದಾಗಿದ್ದ ಆದಾಯವೆಂದು ಶೇ 40 ಸೇರಿಸುತ್ತಾರೆ: 25,200. ವರ್ಷಕ್ಕೆ 3,02,400. ಅವಲಂಬಿತರು ಮೂವರಾದ್ದರಿಂದ ಅವನ ಸ್ವಂತ ಖರ್ಚಿಗೆಂದು ಮೂರನೇ ಒಂದು ಭಾಗ ಕಳೆಯುತ್ತಾರೆ: ಉಳಿದದ್ದು 2,01,600. ಮೂವತ್ತರ ವಯಸ್ಸಿಗೆ ಗುಣಕ 17. ಗುಣಿಸಿದರೆ 34,27,200. ಇದರ ಮೇಲೆ ಹೆಂಡತಿ, ಮಗು, ತಾಯಿ ಪ್ರತಿಯೊಬ್ಬರಿಗೂ ಸಾಂಗತ್ಯ ನಷ್ಟವೆಂದು 40,000. ಆಸ್ತಿ ನಷ್ಟಕ್ಕೂ ಅಂತ್ಯಕ್ರಿಯೆಗೂ ತಲಾ 15,000. ಈ ಮೂರು ಬಾಬುಗಳು ಮೂರು ವರ್ಷಕ್ಕೊಮ್ಮೆ ಶೇ 10 ಏರಬೇಕೆಂದು 2017ರ ತೀರ್ಪೇ ಹೇಳಿದೆ. ಎರಡು ಏರಿಕೆಯ ನಂತರ ಅವು 48,400 ಮತ್ತು 18,150. ಎಲ್ಲ ಕೂಡಿದರೆ 36,08,700 ರೂಪಾಯಿ, ಅದಕ್ಕೆ ಅರ್ಜಿಯ ದಿನದಿಂದ ಬಡ್ಡಿ.

ಗುಣಕ ವಯಸ್ಸಿನೊಂದಿಗೆ ಇಳಿಯುತ್ತದೆ: 25ರವರೆಗೆ 18, 36ರಿಂದ 40ಕ್ಕೆ 15, 46ರಿಂದ 50ಕ್ಕೆ 13, 56ರಿಂದ 60ಕ್ಕೆ 9. ಸತ್ತವನು ಅವಿವಾಹಿತನಾದರೆ ಸ್ವಂತ ಖರ್ಚಿಗೆ ಅರ್ಧ ಕಳೆಯುತ್ತಾರೆ. ಖಾಯಂ ನೌಕರನಿಗೆ ಶೇ 40ರ ಬದಲು ಶೇ 50 ಸೇರುತ್ತದೆ. ಇದಿಷ್ಟು ತಿಳಿದಿದ್ದರೆ ‘ಹತ್ತು ಲಕ್ಷಕ್ಕೆ ಸೆಟ್ಲ್ ಮಾಡಿಸ್ತೀನಿ’ ಎಂದು ಬಂದವರ ಮುಖ ನೋಡಿ ಮಾತಾಡಬಹುದು.

ಸಂಬಳದ ಚೀಟಿ ಇಲ್ಲದವರಿಗೆ? ಗಾರೆಯವನಿಗೆ, ಹೂ ಮಾರುವವಳಿಗೆ ಯಾರು ಚೀಟಿ ಕೊಡುತ್ತಾರೆ! 2011ರಲ್ಲಿ ಸುಪ್ರೀಂ ಕೋರ್ಟ್ ಬೆಂಗಳೂರಿನ ಕೂಲಿ ಕಾರ್ಮಿಕರೊಬ್ಬರ ಪ್ರಕರಣದಲ್ಲಿ, ದಾಖಲೆಯಿಲ್ಲದಿದ್ದರೂ ಅವರು ಹೇಳಿದ ತಿಂಗಳಿಗೆ 4,500 ರೂಪಾಯಿಯನ್ನು ಒಪ್ಪಿಕೊಂಡಿತು. ಅಪಘಾತ ನಡೆದಿದ್ದು 2004ರಲ್ಲಿ. ಲೋಕ ಅದಾಲತ್‌ಗಳಿಗಾಗಿ ಕರ್ನಾಟಕ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ ಅಪಘಾತದ ವರ್ಷಕ್ಕೆ ತಕ್ಕಂತೆ ಅಂದಾಜು ಆದಾಯದ ಪಟ್ಟಿ ಮಾಡಿದೆ, ನ್ಯಾಯಮಂಡಳಿಗಳೂ ಹೈಕೋರ್ಟೂ ಅದನ್ನು ನೋಡುತ್ತವೆ. ವಕೀಲರನ್ನು ಕೇಳಿ ನಿಮ್ಮ ವರ್ಷದ ಅಂಕಿ ತಿಳಿದುಕೊಳ್ಳಿ. ಅದಕ್ಕಿಂತ ಹೆಚ್ಚು ದುಡಿಯುತ್ತಿದ್ದರೆ ಬ್ಯಾಂಕ್ ಪಾಸ್‌ಬುಕ್, ಫೋನ್‌ಪೇಯಲ್ಲಿ ಬಂದ ಹಣದ ವಿವರ, ಮೇಸ್ತ್ರಿಯ ಸಾಕ್ಷ್ಯ ಉಪಯೋಗಕ್ಕೆ ಬರುತ್ತವೆ. ಮನೆಯಲ್ಲೇ ಇರುವ ಗೃಹಿಣಿಗೂ ಆದಾಯವಿದೆ ಎಂದೇ ಲೆಕ್ಕ ಹಾಕಬೇಕು. ‘ಅವಳೇನು ದುಡೀತಿರಲಿಲ್ಲ’ ಎಂದು ಮನೆಯವರೇ ಹೇಳಿಬಿಡುವುದು ನೋಡಿದರೆ ಬೇಸರವಾಗುತ್ತದೆ.

ಗಾಯದ ಪ್ರಕರಣದಲ್ಲಿ ನಿಜವಾದ ಜಗಳ ನಡೆಯುವುದು ಶೇಕಡಾವಾರಿನ ಮೇಲೆ. ಡಾಕ್ಟರು ಕಾಲಿಗೆ ಶೇ 30 ವೈಕಲ್ಯ ಎನ್ನುತ್ತಾರೆ. ಇಡೀ ದೇಹಕ್ಕೆ ಅದು ಶೇ 10 ಎಂದು ಇಳಿಸುತ್ತಾರೆ. ಆದರೆ ಕೇಳಬೇಕಾದ ಪ್ರಶ್ನೆ ಬೇರೆ: ಆ ಕಾಲಿನಿಂದ ಈ ಮನುಷ್ಯನ ದುಡಿಮೆ ಎಷ್ಟು ಕುಗ್ಗಿತು? 2011ರ ರಾಜ್‌ಕುಮಾರ್ ತೀರ್ಪು ಈ ವ್ಯತ್ಯಾಸವನ್ನು ಬಿಡಿಸಿ ಹೇಳಿತು. ಎಡಗೈ ಕಳೆದುಕೊಂಡ ಚಾಲಕ ಅಥವಾ ಬಡಗಿಯ ದುಡಿಮೆ ಪೂರ್ತಿ ಹೋದಂತೆಯೇ. ಅದೇ ಕೈ ಹೋದ ಗುಮಾಸ್ತ ಕೆಲಸದಲ್ಲಿ ಮುಂದುವರಿಯಬಹುದು. ಕರ್ನಾಟಕದ ಒಬ್ಬ ತರಕಾರಿ ವ್ಯಾಪಾರಿಯ ಕಾಲು ಕತ್ತರಿಸಬೇಕಾಯಿತು. ಅವನು ಕೂತಲ್ಲೇ ವ್ಯಾಪಾರ ಮಾಡಬಹುದಲ್ಲ ಎಂಬ ವಾದ ಹೈಕೋರ್ಟಿನಲ್ಲಿ ನಡೆಯಿತು. 2014ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿ, ತರಕಾರಿ ಮಾರುವವನಿಗೆ ಓಡಾಟವೇ ಬದುಕು ಎಂದು ದುಡಿಮೆಯ ನಷ್ಟವನ್ನು ಶೇ 85 ಎಂದಿತು.

ಅದೇ 18,000 ದುಡಿಯುವ ಮೂವತ್ತರ ಯುವಕನ ಲೆಕ್ಕದಲ್ಲಿ ನೋಡಿ. ಶೇ 10 ಎಂದರೆ ಮುಂದಿನ ದುಡಿಮೆಯ ನಷ್ಟ 3,67,200 ರೂಪಾಯಿ. ಶೇ 40 ಎಂದು ಒಪ್ಪಿಸಿದರೆ 14,68,800. ವ್ಯತ್ಯಾಸ ತರುವುದು ಸಾಕ್ಷ್ಯ: ಚಿಕಿತ್ಸೆ ಕೊಟ್ಟ ಡಾಕ್ಟರೇ ಬಂದು ಹೇಳುವುದು, ಸಾರ್ವೆ ಹತ್ತಲಾಗದ್ದು, ಕುಕ್ಕರುಗಾಲಲ್ಲಿ ಕೂರಲಾಗದ್ದು, ಕೆಲಸದಿಂದ ತೆಗೆದ ಪತ್ರ. ‘ನೋವಿದೆ’ ಎಂದಷ್ಟೇ ಹೇಳಿ ಕಟಕಟೆ ಇಳಿದರೆ ಶೇ 10ಕ್ಕೇ ತೃಪ್ತಿಪಡಬೇಕು. ಇದಲ್ಲದೆ ಚಿಕಿತ್ಸೆಯ ವೆಚ್ಚ, ನೋವು ಮತ್ತು ಸಂಕಟ, ಮಲಗಿದ್ದ ತಿಂಗಳುಗಳ ಸಂಬಳ, ನೋಡಿಕೊಂಡವರ ಖರ್ಚು, ರಾಡ್ ತೆಗೆಸುವ ಮುಂದಿನ ಆಪರೇಷನ್ ಎಲ್ಲಕ್ಕೂ ಬೇರೆ ಬೇರೆ ಬಾಬುಗಳಿವೆ.

ಜನ ಎಡವುವ ಜಾಗಗಳು

ಸ್ಥಳದಲ್ಲೇ ರಾಜಿ. ‘ಕೇಸು ಯಾಕೆ, ಆಸ್ಪತ್ರೆ ಖರ್ಚು ನಾನೇ ನೋಡ್ಕೋತೀನಿ’ ಎಂದು ಐದು ಸಾವಿರ ಕೈಗಿಟ್ಟು, ಬಿಳಿ ಹಾಳೆಗೆ ಸಹಿ ಪಡೆದು, ಮರುದಿನದಿಂದ ಫೋನ್ ಎತ್ತದವರ ಕಥೆ ಹೊಸದೇನಲ್ಲ. ಒಳಗಿನ ಪೆಟ್ಟು ತಿಳಿಯುವುದು ಎರಡು ಮೂರು ದಿನದ ಮೇಲೆ. ಎದುರಿನವರು ಕೊಡುವುದು ಅವರ ಜೇಬಿನಿಂದಲ್ಲ, ವಿಮಾ ಕಂಪನಿಯಿಂದ ಎಂಬುದನ್ನು ಅವರಿಗೂ ತಿಳಿಸಿ ಹೇಳಿದರೆ ಅರ್ಧ ಜಗಳ ಕಡಿಮೆಯಾಗುತ್ತದೆ.

ಹೆಲ್ಮೆಟ್ ಇರಲಿಲ್ಲ, ಮೂವರು ಕೂತಿದ್ದೆವು, ಇನ್ನೇನು ಸಿಗುತ್ತದೆ ಎಂದು ಸುಮ್ಮನಾಗುವುದು. ಎರಡೂ ತಪ್ಪೇ, ದಂಡವೂ ಇದೆ. ಆದರೆ ತ್ರಿಬಲ್ ರೈಡಿಂಗ್ ಮಾಡಿದ್ದಷ್ಟಕ್ಕೇ ಪರಿಹಾರ ಕಡಿತ ಮಾಡುವಂತಿಲ್ಲ, ಅಪಘಾತಕ್ಕೆ ಅದೇ ಕಾರಣವೆಂದು ತೋರಿಸಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಹೆಲ್ಮೆಟ್ ಧರಿಸದ್ದು ಪರಿಹಾರವನ್ನೇ ನಿರಾಕರಿಸಲು ಕಾರಣವಾಗುವುದಿಲ್ಲ. ಕಾಲು ಮುರಿದವನಿಗೆ ಹೆಲ್ಮೆಟ್ ಇದ್ದಿದ್ದರೆ ಏನಾಗುತ್ತಿತ್ತು?

ಗುದ್ದಿದವನಿಗೆ ಲೈಸೆನ್ಸ್ ಇಲ್ಲ ಎಂದು ವಿಮಾ ಕಂಪನಿ ಕೈತೊಳೆದುಕೊಂಡಾಗ ನಂಬಿಬಿಡುವುದು. ಇಂಥ ಪ್ರಕರಣಗಳಲ್ಲಿ ಕಂಪನಿ ಮೊದಲು ಗಾಯಾಳುವಿಗೆ ಹಣ ಕೊಟ್ಟು, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂಬ ಆದೇಶ 2004ರ ಸ್ವರಣ್ ಸಿಂಗ್ ತೀರ್ಪಿನಿಂದೀಚೆಗೆ ಸಾಮಾನ್ಯ. ವಾಹನಕ್ಕೆ ವಿಮೆಯೇ ಇರದಿದ್ದರೆ ಮಾತ್ರ ಮಾಲೀಕನ ಆಸ್ತಿಯ ಬೆನ್ನು ಹತ್ತಬೇಕಾಗುತ್ತದೆ, ಅದು ಕಷ್ಟದ ದಾರಿ.

ಪರ್ಸೆಂಟೇಜ್ ಒಪ್ಪಂದ. ಆಸ್ಪತ್ರೆಯ ವಾರ್ಡಿಗೇ ಬಂದು ವಕಾಲತ್ತಿಗೆ ಸಹಿ ಹಾಕಿಸಿಕೊಂಡು ‘ಬಂದದ್ದರಲ್ಲಿ ಇಷ್ಟು ಪಾಲು’ ಎನ್ನುವವರಿದ್ದಾರೆ. ಗೆದ್ದ ಹಣದಲ್ಲಿ ಪಾಲು ಕೇಳುವುದು ಬಾರ್ ಕೌನ್ಸಿಲ್ ನಿಯಮಕ್ಕೆ ವಿರುದ್ಧ. ಫೀಸು ಎಷ್ಟೆಂದು ಮೊದಲೇ ಮಾತಾಡಿ, ಬರೆದುಕೊಳ್ಳಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು, ಕಡಿಮೆ ಆದಾಯದವರಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಸಹಾಯವಾಣಿ 15100.

ಕೆಲಸದ ಮೇಲೆ ಹೋಗುವಾಗ ಆದ ಅಪಘಾತವಾದರೆ ಕಾರ್ಮಿಕರ ಪರಿಹಾರ ಕಾನೂನಿನ ದಾರಿಯೂ ಇದೆ. ಎರಡರಲ್ಲಿ ಒಂದನ್ನೇ ಆರಿಸಬೇಕು, ಅದಕ್ಕೆ ಮೊದಲು ಲೆಕ್ಕ ಹಾಕಿಸಿ.

ಲೋಕ ಅದಾಲತ್, ತೀರ್ಪು, ಆಮೇಲೆ

ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಹಣ ಬೇಗ ಬರುತ್ತದೆ, ಆದರೆ ಅದರ ಮೇಲೆ ಮೇಲ್ಮನವಿ ಇಲ್ಲ. ಅಲ್ಲಿಗೆ ಹೋಗುವ ಹಿಂದಿನ ರಾತ್ರಿ ಮೇಲಿನ ಸೂತ್ರದಂತೆ ನಿಮ್ಮ ಮೊತ್ತ ಬರೆದಿಟ್ಟುಕೊಳ್ಳಿ. ಅದಕ್ಕಿಂತ ಸ್ವಲ್ಪ ಕಡಿಮೆಗೆ ಒಪ್ಪುವುದು ಹಲವು ಸಲ ಲಾಭವೇ, ಯಾಕೆಂದರೆ ವಿಚಾರಣೆ ವರ್ಷಗಟ್ಟಲೆ ಎಳೆಯಬಹುದು. ಅರ್ಧಕ್ಕೆ ಒಪ್ಪುವುದು ಬೇಡ. ತೀರ್ಪಿನ ಮೊತ್ತ ಕಡಿಮೆಯಾಯಿತು ಎನಿಸಿದರೆ 90 ದಿನದೊಳಗೆ ಹೈಕೋರ್ಟಿಗೆ ಮೇಲ್ಮನವಿ. ವಿವಾದದ ಮೊತ್ತ ಒಂದು ಲಕ್ಷಕ್ಕಿಂತ ಕಡಿಮೆಯಿದ್ದರೆ ಆಗದು.

ಹಣ ಬಂದಾಗ ನ್ಯಾಯಮಂಡಳಿ ಅದರ ಒಂದು ಭಾಗವನ್ನು ಠೇವಣಿ ಇಡಿಸುತ್ತದೆ, ಅಪ್ರಾಪ್ತ ಮಕ್ಕಳ ಪಾಲನ್ನು ಅವರು ವಯಸ್ಕರಾಗುವವರೆಗೆ. ಮದುವೆಗೋ ಸಾಲಕ್ಕೋ ಬೇಕಾಗುತ್ತದೆಂದು ಗೊಣಗುವವರುಂಟು. ನಿಜವಾದ ಅಗತ್ಯವಿದ್ದರೆ ಕಾರಣ ತೋರಿಸಿ ಬಿಡುಗಡೆಗೆ ಅರ್ಜಿ ಹಾಕಬಹುದು.

ಕೊನೆಯದಾಗಿ ಹೆಸರಿನ ತಾಪತ್ರಯ. ಎಫ್‌ಐಆರ್‌ನಲ್ಲಿ ಮಂಜ, ಆಸ್ಪತ್ರೆಯಲ್ಲಿ ಮಂಜುನಾಥ್, ಆಧಾರ್‌ನಲ್ಲಿ ಮಂಜುನಾಥಪ್ಪ, ಪಾಸ್‌ಬುಕ್ಕಿನಲ್ಲಿ ಮತ್ತೊಂದು. ತೀರ್ಪಾದ ಮೇಲೂ ಚೆಕ್ಕು ತಿಂಗಳುಗಟ್ಟಲೆ ನಿಲ್ಲುವುದು ಇದಕ್ಕೇ. ಆಸ್ಪತ್ರೆಯಲ್ಲಿ ದಾಖಲಾಗುವಾಗಲೇ ಆಧಾರ್ ಕಾರ್ಡ್ ತೋರಿಸಿ, ಅದರಲ್ಲಿರುವಂತೆಯೇ ಹೆಸರು ಬರೆಸಿ. ತಪ್ಪಿ ಹೋಗಿದ್ದರೆ ಅರ್ಜಿ ಹಾಕುವ ದಿನವೇ ‘ಈ ಎಲ್ಲ ಹೆಸರಿನವನೂ ನಾನೇ’ ಎಂದು ಒಂದು ಪ್ರಮಾಣಪತ್ರ ಸೇರಿಸಿಬಿಡಿ.